ಮೋಟಾರಿನೊಳಗೊಂದು ನಂದಾದೀಪ

ಒಬ್ಬ ಒಳ್ಳೆಯ ಡ್ರೈವರರ ಅನ್ನಕ್ಕೆ ಎರಡು ತಿಂಗಳು ಕಲ್ಲು ಹಾಕುತ್ತ ಕೂತಿದ್ದವನು ನಾನು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಮೇಲೆ ಅನುಮಾನಪಟ್ಟ ಸಾಹುಕಾರರೂ ಇಲ್ಲ. ನಾನು ಮಾಡಿದ್ದು ಪೂರ್ತಿ ಗೊತ್ತಿದ್ದವರು ಇಬ್ಬರೇ, ಅದರಲ್ಲಿ ಉಳಿದವನು ನಾನೊಬ್ಬ. ನಾನೂ ಹೋದರೆ ಹೇಳುವವರೇ ಇರುವುದಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಓದುವಾಗ ನಗು ಬಂದರೆ ನಗಬಹುದು, ನಗುವಂಥದ್ದು ಬೇಕಾದಷ್ಟಿದೆ. ಆದರೆ ನಕ್ಕು ತಪ್ಪನ್ನು ಹಗುರ ಮಾಡಿಬಿಡಬೇಡಿ. ಆ ಕೆಲಸವನ್ನು ಇಷ್ಟು ವರ್ಷ ನಾನೇ ಮಾಡಿಕೊಂಡು ಬಂದಿದ್ದೇನೆ.

ಆಗ ನನಗೆ ಇಪ್ಪತ್ತೆರಡು ವಯಸ್ಸು. ದುರ್ಗದಲ್ಲಿ ಹೈಸ್ಕೂಲು ಮುಗಿಸಿ ಬಂದು ಚಳ್ಳಕೆರೆಯ ಒಬ್ಬ ಕಂಬಳಿ ಸಾಹುಕಾರರ ಬಳಿ ಗುಮಾಸ್ತನಾಗಿದ್ದೆ. ಸುತ್ತಲ ಹಟ್ಟಿಗಳಲ್ಲಿ ನೇಯ್ದ ಕಂಬಳಿಗಳು ಸಂತೆಯ ದಿನ ಅವರ ಉಗ್ರಾಣಕ್ಕೆ ಬಂದು ಬೀಳುತ್ತಿದ್ದವು. ಅಲ್ಲಿಂದ ಮೂಟೆಯಾಗಿ ಬಳ್ಳಾರಿಗೆ, ಮುಂಬಯಿಗೆ ಹೋಗುತ್ತಿದ್ದವು. ಮುಂಬಯಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದು ನನ್ನ ಕೆಲಸ. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ನಾನು ಮಾತ್ರ ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದೆ. ನಮ್ಮ ಮೇಷ್ಟ್ರು ಗಾಜಿನ ಪಾತ್ರೆಯಲ್ಲಿ ಸತು, ತಾಮ್ರ ಅದ್ದಿ ತಂತಿ ತಾಗಿಸಿ ಗಂಟೆ ಬಾರಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಅಷ್ಟಕ್ಕೇ ಸಾಹುಕಾರರ ಮನೆಯಲ್ಲಿ ನನಗೆ 'ಓದಿದೋನು' ಎಂಬ ಹೆಸರು ಬಿದ್ದಿತ್ತು. ಗಡಿಯಾರ ನಿಂತರೂ, ಮಗುವಿಗೆ ಜ್ವರ ಬಂದರೂ, ಎಮ್ಮೆ ಒದ್ದರೂ 'ಓದಿದೋನ್ನ ಕರೀರಿ' ಎನ್ನುತ್ತಿದ್ದರು. ಹೋಗಿ ನಿಂತು, ತಲೆ ಆಡಿಸಿ, ಏನಾದರೊಂದು ಹೇಳಿಬರುತ್ತಿದ್ದೆ. ಗೊತ್ತಿಲ್ಲ ಎನ್ನುವ ಮಾತು ಮಾತ್ರ ನನ್ನ ಬಾಯಿಗೆ ಬರುತ್ತಿರಲಿಲ್ಲ.

ಸಾಹುಕಾರರು ಕಾರು ಕೊಂಡದ್ದು ಬಳ್ಳಾರಿಯಲ್ಲಿ, ಊರು ಬಿಟ್ಟು ಮದರಾಸಿಗೆ ಹೊರಟಿದ್ದ ವಕೀಲರೊಬ್ಬರಿಂದ. ಬಟ್ಟೆಯ ಮಾಡು, ಪಕ್ಕದಲ್ಲಿ ಅಗಲವಾದ ಮೆಟ್ಟಿಲು, ಮುಂದೆ ಎರಡು ದೊಡ್ಡ ದೀಪ. ಕಾರಿನ ಜೊತೆಗೆ ಅದನ್ನು ಓಡಿಸುತ್ತಿದ್ದ ಡ್ರೈವರನ್ನೂ ಕರೆತಂದರು. ನಲವತ್ತರ ಆಸುಪಾಸಿನ ಸಾಬರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದು ಉಗ್ರಾಣದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಸಂಸಾರ ಹೂಡಿದರು. ಆ ಮನೆ ಕೆಲಸದ ಜೊತೆಗೇ ಸಿಕ್ಕಿದ್ದು. ಕೆಲಸ ಹೋದ ದಿನ ಮನೆಯೂ ಹೋಗುತ್ತಿತ್ತು.

ಕಾರು ಬಂದ ದಿನವೇ ಒಂದು ರಾದ್ಧಾಂತವಾಯಿತು. ಸಾಹುಕಾರರ ತಾಯಿ ಪೂಜೆ ಮಾಡಿ, ಉರಿಯುವ ಎಣ್ಣೆ ದೀಪವನ್ನು ತಂದು ಕಾರಿನ ಮೆಟ್ಟಿಲ ಮೇಲೆ ಇಟ್ಟುಬಿಟ್ಟರು. ಅವರನ್ನು ಊರವರೆಲ್ಲ ಅವ್ವ ಎಂದೇ ಕರೆಯುತ್ತಿದ್ದುದು. ಎಪ್ಪತ್ತು ದಾಟಿತ್ತು, ಎರಡು ಕಣ್ಣಿಗೂ ಪೊರೆ ಬಂದಿತ್ತು. ದೀಪ ಕಂಡದ್ದೇ ಸಾಬರು ಕೈಲಿದ್ದ ಪೆಟ್ರೋಲಿನ ಡಬ್ಬ ಎತ್ತಿಕೊಂಡು ಬೀದಿಗೆ ಓಡಿದರು.

"ಅವ್ವಾರೇ, ದೀಪ ತೆಗೀರಿ! ಗಾಡಿನೂ ಹೋಗ್ತೈತೆ, ನಾವೂ ಹೋಗ್ತೀವಿ!"

"ದೀಪ ಹಚ್ಚಿದ್ರೆ ಹೋಗೋದು ಎಂಥಾ ಗಾಡಿಯೋ ಸಾಬು? ನಮ್ಮ ಎತ್ತಿನ ಗಾಡಿ ಮುಂದೆ ಐವತ್ತು ವರ್ಷ ಹಚ್ಚೀನಿ, ಅದೇನೂ ಹೋಗಿಲ್ಲ."

ಅಂದಿನಿಂದ ಕಾರಿನ ಶೆಡ್ಡಿಗೆ ಬೆಂಕಿ ಒಯ್ಯಬಾರದು, ಬೀಡಿ ಕೂಡ ಸೇದಬಾರದು ಎಂದು ಸಾಹುಕಾರರ ಕಟ್ಟಪ್ಪಣೆಯಾಯಿತು.

ಅವ್ವ ಅಷ್ಟಕ್ಕೆ ಬಿಡುವವರಲ್ಲ. ಬಡಗಿಯಿಂದ ಗೇಣುದ್ದದ ಒಂದು ಪೆಟ್ಟಿಗೆ ಮಾಡಿಸಿ, ಅದಕ್ಕೆ ಕೆಂಪು ಗಾಜಿನ ಬಾಗಿಲು ಇಡಿಸಿ, ಮುಂದಿನ ಸೀಟಿನ ಬೆನ್ನಿಗೆ ಹೊಡೆಸಿದರು. ಒಳಗೆ ನಾಯಕನಹಟ್ಟಿ ಸ್ವಾಮಿಯ ಪುಟ್ಟ ಬೆಳ್ಳಿ ಮುಖವಾಡ. ಸೋಮವಾರ ಸೋಮವಾರ ಮಡಿಯಲ್ಲಿ ಬಂದು ತಾವೇ ಹೂವಿಡುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಸಾಬರಂತೂ ದಿನವೂ ಕಾರು ಒರೆಸುವಾಗ ಆ ಪೆಟ್ಟಿಗೆಯ ಸುತ್ತ ಒಂದು ಗೇಣು ಜಾಗ ಬಿಟ್ಟೇ ಒರೆಸುತ್ತಿದ್ದರು. ಯಾರೂ ಹೇಳಿರಲಿಲ್ಲ, ಅವರೇ ಹಾಗೆ ಗೆರೆ ಹಾಕಿಕೊಂಡಿದ್ದರು.

ಒಂದು ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದರು.

"ಲೇ ಓದಿದೋನೇ, ಮನೇಲಿ ಸ್ವಾಮಿ ಮುಂದೆ ನಂದಾದೀಪ ಐತೆ. ನಾನು ಮದುವೆ ಆಗಿ ಬಂದಾಗಿಂದ ಆರಿಲ್ಲ. ಶೆಡ್ಡಿನಾಗೆ ಸ್ವಾಮಿ ಕತ್ತಲಾಗೆ ಕುಂತವ್ನೆ. ನನಗೆ ಊಟ ಸೇರಲ್ಲ ಕಣೋ."

"ಬೆಂಕಿ ಒಯ್ಯಂಗಿಲ್ಲವಲ್ಲ ಅವ್ವ."

"ಬೆಂಕಿ ಇಲ್ಲದ ದೀಪ ಆ ಗಾಡಿ ಮುಂದೇನೇ ಎರಡು ಐತಲ್ಲ. ಅಂಥದ್ದೇ ಒಂದು ಸಣ್ಣದು ಮಾಡಿಕೊಡು. ಮಗನಿಗೆ ಹೇಳಬೇಡ, ಬೈತಾನೆ."

ಗೊತ್ತಿಲ್ಲ ಎನ್ನಲು ನನಗೆ ಸಿಕ್ಕಿದ್ದ ಅವಕಾಶಗಳಲ್ಲಿ ಅದು ಎಲ್ಲಕ್ಕಿಂತ ಒಳ್ಳೆಯದಾಗಿತ್ತು. ನಾನು ಎದೆಯುಬ್ಬಿಸಿ "ಅದೇನು ಮಹಾ" ಎಂದೆ.

ಸಾಬರು ಸಂತೆಗೆ ಹೋಗಿದ್ದಾಗ ಅವರ ಡಬ್ಬದಿಂದ ಒಂದು ಸಣ್ಣ ಬಲ್ಬು ಎತ್ತಿಕೊಂಡೆ. ಕಾರಿನ ನೆಲದ ಹಲಗೆ ತೆಗೆದು, ಕಾಲಲ್ಲಿ ಒತ್ತಿ ಎಂಜಿನ್ ಎಬ್ಬಿಸುವ ಸ್ವಿಚ್ಚಿನ ನಟ್ಟಿಗೆ ಒಂದು ತೆಳು ತಂತಿ ಸುತ್ತಿದೆ. ಅದನ್ನು ಚಾಪೆಯ ಕೆಳಗಿಂದ ತಂದು, ಸೀಟಿನ ಒಳಗಿಂದ ಏರಿಸಿ, ಪೆಟ್ಟಿಗೆಯ ಬೆನ್ನಿಗೆ ತೂತು ಕೊರೆದು ಒಳಗೆ ಬಿಟ್ಟೆ. ಸ್ವಾಮಿಯ ಮುಖವಾಡದ ಹಿಂದೆ ಬಲ್ಬು ಹೊತ್ತಿಕೊಂಡಿತು. ಕೆಂಪು ಗಾಜಿನ ಹಿಂದೆ ಬೆಳ್ಳಿ ಹೊಳೆದಾಗ ನನಗೇ ಕೈಮುಗಿಯಬೇಕು ಅನ್ನಿಸಿತು. ಸ್ವಾಮಿಗೋ, ನನಗೋ ಎಂದು ಕೇಳಬೇಡಿ.

ಅವ್ವ ಬಂದು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ನನ್ನ ಬಲಗೈ ಹಿಡಿದು ಸ್ವಾಮಿಯ ಪಾದದ ಹೂವಿನ ಮೇಲೆ ಇಟ್ಟರು.

"ನಂದಾದೀಪ ಕೈಯಾರೆ ಆರಿಸಿದ ಮನೆ ಉಳಿಯಲ್ಲ. ನಿನ್ನ ಕೈಯಿಂದ ಆರಿಸಲ್ಲ ಅಂತ ಮಾತು ಕೊಡು."

ಕೊಟ್ಟೆ. ನನ್ನ ಲೆಕ್ಕದಲ್ಲಿ ಅಷ್ಟು ಚಿಕ್ಕ ಬಲ್ಬು, ಅಷ್ಟು ದೊಡ್ಡ ಬ್ಯಾಟರಿ. ಕೆರೆಯಿಂದ ಒಂದು ಬೊಗಸೆ ನೀರು ಎತ್ತಿದ ಹಾಗೆ. ಬೊಗಸೆಯನ್ನು ಹಗಲೂ ರಾತ್ರಿ ಎತ್ತುತ್ತಲೇ ಇದ್ದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಹಗಲ ಬಿಸಿಲಿನಲ್ಲಿ ಕೆಂಪು ಗಾಜಿನ ಹಿಂದಿನ ಆ ಬೆಳಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ರಾತ್ರಿ ಶೆಡ್ಡಿಗೆ ಬೀಗ ಬೀಳುತ್ತಿತ್ತು. ಹೊಸ ಕಾರು, ನೆಂಟರಿಷ್ಟರಿಗೆಲ್ಲ ತೋರಿಸಬೇಕು. ದಿನ ಬೆಳಗಾದರೆ ಓಡಾಟ. ಓಡಿದಾಗೆಲ್ಲ ಕಾರು ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುತ್ತಿತ್ತು. ಮುಂಗಾರು ಹಿಡಿಯಿತು. ಎರೆಮಣ್ಣಿನ ದಾರಿಗಳು ಕಾಲಿಟ್ಟರೆ ಮೊಣಕಾಲುದ್ದ ಹೂಳುವ ಹಾಗಾದವು. ಕಾರು ಶೆಡ್ಡು ಸೇರಿತು. ಹತ್ತು ದಿನಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ತೆಗೆದರೆ ಹೆಚ್ಚು.

ಒಂದು ಬೆಳಿಗ್ಗೆ ಸಾಹುಕಾರರು ಜರಿ ರುಮಾಲು ಸುತ್ತಿಕೊಂಡು ಅಮಲ್ದಾರರನ್ನು ಕಾಣಲು ಹೊರಟು ಕಾರಿನಲ್ಲಿ ಕೂತರು. ಸಾಬರು ಸ್ವಿಚ್ಚು ಒತ್ತಿದರು. ಕಾರು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಹ್ಯಾಂಡಲು ಹಾಕಿ ತಿರುಗಿಸಿದರು, ಬೆವರು ಬಂತೇ ಹೊರತು ಎಂಜಿನ್ ಎದ್ದೇಳಲಿಲ್ಲ. ಬ್ಯಾಟರಿಯಲ್ಲಿ ಒಂದು ತೊಟ್ಟೂ ಇಲ್ಲದಿದ್ದರೆ ಹ್ಯಾಂಡಲು ಏನು ಮಾಡೀತು? ಕೊನೆಗೆ ಒಂದು ಜೋಡಿ ಎತ್ತು ಕಟ್ಟಿ ಕಾರನ್ನು ಪೇಟೆ ಬೀದಿಯಲ್ಲಿ ಎಳೆಸಿದರು. ಎಳೆದರೆ ಹೊತ್ತಿಕೊಳ್ಳಬಹುದು ಎಂದು ಆಸೆ. ಸಾಹುಕಾರರು ಇಳಿಯಲೂ ಮನಸ್ಸಿಲ್ಲದೆ ರುಮಾಲು ನೆಟ್ಟಗೆ ಮಾಡಿಕೊಳ್ಳುತ್ತ ಹಿಂದೆ ಕೂತಿದ್ದರು. ಅಂಗಡಿ ಕಟ್ಟೆಯ ಮೇಲಿಂದ ಯಾರೋ ಕೂಗಿದರು:

"ಸಾವ್ಕಾರ್ರೇ, ಎತ್ತಿಗೆ ಪೆಟ್ರೋಲ್ ಹಾಕ್ಸಿದ್ರಾ, ಮೋಟಾರಿಗೆ ಹುಲ್ಲು ಹಾಕ್ಸಿದ್ರಾ?"

ಬೀದಿಯೆಲ್ಲ ನಕ್ಕಿತು. ಸಾಹುಕಾರರು ನಗಲಿಲ್ಲ. ಕಾರೂ ಹೊತ್ತಿಕೊಳ್ಳಲಿಲ್ಲ.

ಬ್ಯಾಟರಿಯನ್ನು ತುಂಬಿಸಲು ದುರ್ಗಕ್ಕೆ ಒಯ್ಯಬೇಕು. ಸಾಬರು ಅದನ್ನು ಗೋಣಿತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ ಎರಡು ದಿನಕ್ಕೆ ತಂದರು. ಆಸಿಡ್ಡು ತಾಗಿ ಅವರ ಪಾಯಜಾಮದ ತುಂಬ ತೂತು ಬಿದ್ದಿತ್ತು. ಹಾಕಿದರು, ಕಾರು ಗುಟುರು ಹಾಕಿತು. ಹತ್ತು ದಿನಕ್ಕೆ ಮತ್ತೆ ಸತ್ತಿತು.

ಎರಡನೆಯ ಸಲ ಸತ್ತಾಗ ನನಗೆ ಅನುಮಾನ ಬಂತು. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆಗೆದು, ಬ್ಯಾಟರಿಯ ಅಳತೆಯನ್ನೂ ಬಲ್ಬಿನ ಅಳತೆಯನ್ನೂ ಹಿಡಿದು ಭಾಗಿಸಿ ನೋಡಿದೆ. ಎಂಟು ದಿನ ಎಂದು ಉತ್ತರ ಬಂತು. ಮತ್ತೊಮ್ಮೆ ಭಾಗಿಸಿದೆ. ಆಗಲೂ ಎಂಟೇ ಬಂತು. ಪುಸ್ತಕ ಮುಚ್ಚಿಟ್ಟೆ.

ಅಂದು ಸಂಜೆಯೇ ಹೋಗಿ ಹೇಳಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಯಾಕೆ ಹೇಳಲಿಲ್ಲ? ಸ್ವಾಮಿಯ ಪಾದ ಮುಟ್ಟಿ ಕೊಟ್ಟ ಮಾತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ದೀಪವನ್ನು ನನ್ನ ಕೈಯಿಂದ ಆರಿಸಬಾರದು ಅಷ್ಟೇ. ಬ್ಯಾಟರಿ ಮುಗಿದು ತಾನಾಗಿ ಆರಿದರೆ ಅದು ನನ್ನ ಕೈಯಲ್ಲವಲ್ಲ! ವಕೀಲರ ಕಾರು ಮುಟ್ಟಿ ಮುಟ್ಟಿ ವಕೀಲಿ ಬುದ್ಧಿಯೂ ಬಂದಿತ್ತು ಅಂತ ಕಾಣುತ್ತದೆ. ನಿಜವಾದ ಕಾರಣ ಬೇರೆ. ಓದಿದೋನು ಪೆದ್ದ ಎಂದು ಊರು ನಗುವುದನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ.

ಸೋಮವಾರ ಅವ್ವ ಹೂವಿಡಲು ಬಂದಾಗ ಬಲ್ಬು ಆರಿ ಎರಡು ದಿನವಾಗಿತ್ತು. ಶೆಡ್ಡಿನ ಬಾಗಿಲಿನಿಂದ ಬಂದ ಬಿಸಿಲು ಕೆಂಪು ಗಾಜಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಪೊರೆಗಣ್ಣಿನ ಅವ್ವ ಅದನ್ನೇ ನೋಡಿ ಕೇಳಿದರು: "ಉರೀತೈತೇನೋ?"

"ಉರೀತೈತೆ ಅವ್ವ."

ಅದು ಮೊದಲನೆಯ ಸುಳ್ಳು.

ಸಾಹುಕಾರರಿಗೆ ಅಷ್ಟರಲ್ಲಿ ಬೇರೊಂದು ಲೆಕ್ಕ ಸಿಕ್ಕಿತ್ತು. ಪರಶುರಾಂಪುರದ ಕಡೆ ಯಾವುದೋ ಮೋಟಾರು ಬಾಡಿಗೆಗೆ ಓಡುತ್ತಿದೆ ಎಂದು ಸಂತೆಯಲ್ಲಿ ಯಾರೋ ಹೇಳಿದರಂತೆ. ನಿಂತ ಗಾಡಿಯ ಬ್ಯಾಟರಿ ಖಾಲಿಯಾಗಲು ಸಾಧ್ಯವೇ? ಸಾಬು ರಾತ್ರಿ ಕದ್ದು ಓಡಿಸುತ್ತಿದ್ದಾನೆ, ದೀಪ ಉರಿಸುತ್ತಿದ್ದಾನೆ ಎಂದು ಅವರ ಲೆಕ್ಕ. ಸಾಬರನ್ನು ಕರೆದು ಎಲ್ಲರ ಎದುರಿಗೇ ಕೇಳಿದರು.

"ಎಷ್ಟು ಜನನ್ನ ಕೂರಿಸ್ಕೊಂಡು ಹೋಗ್ತೀಯೋ ಸಾಬು ಒಂದು ಸಲಕ್ಕೆ?"

"ಖುದಾ ಮ್ಯಾಲಾಣೆ ಸಾವ್ಕಾರ್ರೇ, ನೀವಿಲ್ದೆ ಗಾಡಿ ಗೇಟು ದಾಟಿಲ್ಲ."

"ಹಂಗಾದ್ರೆ ಬ್ಯಾಟರಿ ಯಾರು ಕುಡಿದ್ರು? ದೆವ್ವವಾ?"

ನಾನು ಮಸಿ ಕುಡಿಕೆಯಲ್ಲಿ ಲೇಖನಿ ಅದ್ದಿ ಅದ್ದಿ ತೆಗೆಯುತ್ತಿದ್ದೆ.

ಸಾಹುಕಾರರು ನನ್ನ ಕಡೆ ತಿರುಗಿದರು. "ಲೇ, ಮದರಾಸಿಗೆ ಹೋದ ವಕೀಲರಿಗೆ ಒಂದು ಇಂಗ್ಲಿಷ್ ಕಾಗದ ಬರೆದಿಡು. ಅವರು ಹೇಳಿ ಕಳಿಸಿದ ಡ್ರೈವರು ಕಳ್ಳಬಾಡಿಗೆ ಹೊಡೀತಾನೆ, ಅದಕ್ಕೇ ತೆಗೆದು ಹಾಕಿದೀವಿ ಅಂತ. ಇನ್ನೊಂದು ಸಲ ಬ್ಯಾಟರಿ ಸತ್ತ ದಿನ ಸಹಿ ಹಾಕ್ತೀನಿ."

ಆ ಕಾಲದಲ್ಲಿ ಡ್ರೈವರುಗಳಿಗೆ ಹಿಂದಿನ ಯಜಮಾನನ ಮಾತೇ ಆಸ್ತಿ. ಅಂಥ ಕಾಗದ ಹೋದ ಮೇಲೆ ಸಾಬರನ್ನು ಬಳ್ಳಾರಿಯಿಂದ ದುರ್ಗದವರೆಗೆ ಯಾರೂ ಸೇರಿಸುತ್ತಿರಲಿಲ್ಲ. ಇದು ಗೊತ್ತಿದ್ದೂ ನಾನು ಆ ಕಾಗದ ಬರೆದೆ. ಕೆಟ್ಟದಾಗಿಯೂ ಬರೆಯಲಿಲ್ಲ. ಒಂದು ಕಡೆ ಮಸಿ ಚೆಲ್ಲಿತೆಂದು ಬೇರೆ ಹಾಳೆ ತೆಗೆದುಕೊಂಡು ಮತ್ತೆ ಬರೆದೆ.

ದುರ್ಗಕ್ಕೆ ಹೋಗಿ ಬ್ಯಾಟರಿ ತುಂಬಿಸಿಕೊಂಡು ಬಂದ ಸಾಬರು ಮರುದಿನವೇ ನನ್ನ ಬಳಿ ಬಂದರು. "ಗುಮಾಸ್ತ್ರೇ, ನೀವು ಓದಿದೋರು. ಒಂದು ಕೈ ಕೊಡ್ರಿ. ಕಳ್ಳ ಗಾಡಿ ಒಳಗೇ ಅವ್ನೆ, ಹಿಡೀಬೇಕು."

ಅವರ ಉಪಾಯ ಸುಲಭದ್ದು. ಬ್ಯಾಟರಿಯಿಂದ ದಪ್ಪ ತಂತಿ ಬಿಚ್ಚಿ, ನಡುವೆ ಒಂದು ಸಣ್ಣ ಬಲ್ಬು ಕಟ್ಟಬೇಕು. ಗಾಡಿಯಲ್ಲಿ ಏನೂ ಚಾಲೂ ಇಲ್ಲದಿದ್ದರೆ ಅದು ಉರಿಯಬಾರದು. ಉರಿದರೆ ಯಾವುದೋ ಒಂದು ಕುಡಿಯುತ್ತಿದೆ ಎಂದು ಅರ್ಥ. ಆಮೇಲೆ ಒಂದೊಂದೇ ತಂತಿ ಕೀಳುತ್ತ ಹೋಗುವುದು. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಅದೇ ಕಳ್ಳ. ಇದನ್ನು ಅವರು ಯಾವ ಹೈಸ್ಕೂಲಿನಲ್ಲೂ ಕಲಿತಿರಲಿಲ್ಲ.

ಬಲ್ಬಿನ ಬೆಳಕು ಬಹಳ ಮಂಕಾಗಿರುತ್ತದೆ, ಹಗಲಿನಲ್ಲಿ ಕಾಣುವುದಿಲ್ಲ. ಕಂಬಳಿ ಸಾಹುಕಾರರ ಶೆಡ್ಡಿನಲ್ಲಿ ಕತ್ತಲೆಗೇನು ಬರ? ಸಾಬರು ಒಂದು ಕರೀ ಕಂಬಳಿ ತಂದು, ಬಲ್ಬನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕೂರಿಸಿ ತಲೆಯ ಮೇಲಿಂದ ಹೊದಿಸಿದರು. ಫೋಟೋ ತೆಗೆಯುವವನ ಹಾಗೆ ನಾನು ಒಳಗೆ ಕೂತೆ. ಮಟಮಟ ಮಧ್ಯಾಹ್ನ, ಉಣ್ಣೆಯ ವಾಸನೆ, ಬೆವರು. ಕೈಯಲ್ಲಿ ಬಲ್ಬಿನ ತಂತಿ ಆರುವ ಕೆಂಡದ ಹಾಗೆ ಕೆಂಪಗೆ ಕಾಣುತ್ತಿತ್ತು. ಸಾಬರು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಮಲಗಿ ಕೂಗುತ್ತಿದ್ದರು.

"ದೊಡ್ಡ ದೀಪದ್ದು ಕಿತ್ತೆ. ಆರ್ತಾ?"

"ಇಲ್ಲ."

"ಹಿಂದಿನ ದೀಪದ್ದು ಕಿತ್ತೆ. ಈಗ?"

"ಉರೀತೈತೆ."

"ಅರೇ, ಹಠಮಾರಿ ಐತಲ್ಲ. ಡೈನಮೋದ್ದು?"

"ಉರೀತೈತೆ."

ಇನ್ನು ಎರಡು ಮೂರು ತಂತಿ ಮಾತ್ರ ಉಳಿದಿದ್ದವು. ಅವೂ ಮುಗಿದರೆ ಅವರ ಕೈ ಕಾಲಿನ ಸ್ವಿಚ್ಚಿಗೆ ಹೋಗುತ್ತದೆ, ಅಲ್ಲಿ ನನ್ನ ತೆಳು ತಂತಿ ಸಿಗುತ್ತದೆ.

"ಹಾರನ್ನಿಂದು ಕಿತ್ತೆ. ಆರ್ತಾ?"

ಬಲ್ಬು ನನ್ನ ಕೈಯಲ್ಲಿ ಕೆಂಪಗೆ ಉರಿಯುತ್ತಿತ್ತು.

"ಆರ್ತು," ಎಂದೆ.

"ಸಿಕ್ಕಿದ ಬಡ್ಡೀಮಗ!" ಎಂದು ಸಾಬರು ಎದ್ದು ಬಂದರು. ಅಷ್ಟರಲ್ಲಿ ನಾನು ಬಲ್ಬನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವರು ಕಂಬಳಿ ಎಳೆದು ನನ್ನ ಬೆನ್ನು ತಟ್ಟಿದರು. ಬೆವರು ಕಂಡು ತಮ್ಮ ಹೆಗಲ ಮೇಲಿನ ಟವೆಲನ್ನೇ ಕೊಟ್ಟರು. ಅವರ ಮನೆಯಿಂದ ನನಗೆ ಚಹಾ ಬಂತು. ಅದನ್ನೂ ಕುಡಿದೆ.

ಹಾರನ್ನನ್ನು ಬಿಚ್ಚಿ, ಒರೆಸಿ, ಒಂದು ದಿನವಿಡೀ ಅದರಲ್ಲಿ ಇಲ್ಲದ ರೋಗ ಹುಡುಕಿದರು. ಸಿಗದಿದ್ದಾಗ ಅದರ ತಂತಿಯನ್ನೇ ಕತ್ತರಿಸಿಬಿಟ್ಟರು. ಕಾರು ಮತ್ತೆ ಗುಟುರು ಹಾಕಿತು. ಸಾಹುಕಾರರಿಗೂ ಸಮಾಧಾನವಾಯಿತು. ಹಾರನ್ನಿಲ್ಲದ ಕಾರನ್ನು ಸಾಬರು ದನ ಹೊಡೆಯುವವರ ಹಾಗೆ "ಹೋಯ್! ಹೋಯ್! ಸರೀರಪ್ಪೋ!" ಎಂದು ಬಾಯಲ್ಲೇ ಕೂಗಿಕೊಂಡು ಓಡಿಸಿದರು. ಪೇಟೆಯವರಿಗೆ ಅದೂ ಒಂದು ತಮಾಷೆಯಾಯಿತು. ನಾನೂ ಜೊತೆಗೆ ನಕ್ಕೆ.

ಒಂಬತ್ತನೆಯ ದಿನ ಬ್ಯಾಟರಿ ಸತ್ತಿತು.

ಆಗಲೇ ಸಾಹುಕಾರರ ಮಗಳ ಮದುವೆ ಗೊತ್ತಾಗಿತ್ತು. ಬರುವ ಗುರುವಾರ ಮನೆಯವರೆಲ್ಲ ಸೀರೆ ಆರಿಸಲು ಮೊಳಕಾಲ್ಮೂರಿಗೆ ಹೋಗಬೇಕು. ಸಾಹುಕಾರರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಸಾಬರನ್ನು ಕರೆದು ತಣ್ಣಗೆ ಹೇಳಿದರು: "ಗುರುವಾರ ಬೆಳಿಗ್ಗೆ ಗಾಡಿ ಹೊರಟ್ರೆ ನೀನೂ ನಮ್ಮ ಜೊತೆ ಬಾ. ಹೊರಡಲಿಲ್ಲ ಅಂದ್ರೆ ಸಾಮಾನು ಕಟ್ಕೊ. ಕಾಗದ ಬರೆದಿಟ್ಟಾಗೈತೆ."

ಸಾಬರು ಬ್ಯಾಟರಿ ಹೊತ್ತು ದುರ್ಗಕ್ಕೆ ಹೋಗಿ ಮಂಗಳವಾರ ಬಂದರು. ಬುಧವಾರ ಮಧ್ಯಾಹ್ನ ನಾನು ಶೆಡ್ಡಿನ ಕಡೆ ಹೋದಾಗ ಅವರೊಬ್ಬರೇ ಇದ್ದರು. ಬಲ್ಬನ್ನು ಮೆಟ್ಟಿಲಿಗೆ ಕಟ್ಟಿ ಮೇಲೆ ಕಂಬಳಿ ಹೊದಿಸಿದ್ದರು. ಒಂದು ತಂತಿ ಕೀಳುವುದು, ಎದ್ದು ಬಂದು ಕಂಬಳಿಯೊಳಗೆ ತಲೆ ಹಾಕಿ ನೋಡುವುದು, ಮತ್ತೆ ಹೋಗಿ ಇನ್ನೊಂದು ಕೀಳುವುದು. "ಕೈ ಕೊಡ್ಲಾ ಸಾಬ್ರೇ?" ಎಂದೆ. "ಬೇಡ್ರಿ, ನಿಮಗ್ಯಾಕೆ ತೊಂದ್ರೆ," ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಕೆಲಸದಲ್ಲಿ ಮುಳುಗಿದ್ದರು.

ಹಾರನ್ನಿನ ತಂತಿ ಹೇಗೂ ಕತ್ತರಿಸಿ ಬಿದ್ದಿತ್ತು. ಉಳಿದವನ್ನೆಲ್ಲ ಒಂದೊಂದಾಗಿ ಕಿತ್ತರು. ಬಲ್ಬು ಉರಿಯುತ್ತಲೇ ಇತ್ತು. ಅವರು ನೆಲದ ಹಲಗೆ ಎತ್ತಿದರು. ಸ್ವಿಚ್ಚಿನ ನಟ್ಟಿನ ಮೇಲೆ ಬೆರಳಾಡಿಸಿದರು. ಆಮೇಲೆ ತೆಳು ತಂತಿಯ ಜಾಡು ಹಿಡಿದು ಚಾಪೆ ಎತ್ತುತ್ತ, ಸೀಟಿನ ಸಂದಿಯಲ್ಲಿ ಬೆರಳು ತೂರಿಸುತ್ತ, ಮೇಲಕ್ಕೆ ಬಂದರು. ಪೆಟ್ಟಿಗೆ ಒಂದು ಗೇಣು ದೂರ ಇದೆ ಎನ್ನುವಾಗ ಅವರ ಕೈ ನಿಂತಿತು.

ಅವರು ಮಾಡಬೇಕಾಗಿದ್ದುದು ಇಷ್ಟೇ: ತಂತಿಯನ್ನು ಎಳೆದು ಕಿತ್ತು ಬಿಸಾಕುವುದು. ಅವರ ಸಂಸಾರ ಉಳಿಯುತ್ತಿತ್ತು. ಅವರು ಎಳೆಯಲಿಲ್ಲ. ಕೈ ಒರೆಸಿಕೊಂಡು ಮನೆಯ ಬಾಗಿಲಿಗೆ ಹೋಗಿ ಅವ್ವನನ್ನು ಕರೆದರು. ಯಾಕೆಂದು ಕೇಳುತ್ತ ಸಾಹುಕಾರರೂ ಹಿಂದೆ ಬಂದರು.

"ಅವ್ವಾರೇ, ನಿಮ್ಮ ಸ್ವಾಮಿ ಪೆಟ್ಟಿಗೆ ಬಾಗಿಲು ಒಂದೀಟು ತೆಗೀರಿ. ನಾನು ಮುಟ್ಟಂಗಿಲ್ಲ."

ಅವ್ವ ತೆಗೆದರು. ಮುಖವಾಡದ ಹಿಂದೆ ಬಲ್ಬು ಮಂಕಾಗಿ ಉರಿಯುತ್ತಿತ್ತು.

"ಇದೇನು?" ಎಂದರು ಸಾಹುಕಾರರು.

"ನನ್ನ ನಂದಾದೀಪ ಕಣೋ," ಎಂದರು ಅವ್ವ ಹೆಮ್ಮೆಯಿಂದ. "ನಮ್ಮ ಓದಿದೋನು ಹಾಕಿಕೊಟ್ಟ. ಬೆಂಕಿ ಇಲ್ಲ, ಎಣ್ಣೆ ಇಲ್ಲ. ಹಗಲೂ ರಾತ್ರಿ ಉರೀತೈತೆ."

ಸಾಹುಕಾರರು ಬಲ್ಬನ್ನು ನೋಡಿದರು, ಬ್ಯಾಟರಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಲೇ ಪೆದ್ದ ನನ್ಮಗನೇ! ಸ್ವಾಮಿಗೆ ದೀಪ ಇಟ್ಟು ನನ್ನ ಮೋಟಾರಿಗೆ ಎತ್ತು ಕಟ್ಟಿಸಿದೆಯಲ್ಲೋ!" ತಾಯಿ ಮಾಡಿಸಿದ್ದು ಎಂದಮೇಲೆ ಅವರಿಗೆ ಸಿಟ್ಟು ಬರುವಂತಿರಲಿಲ್ಲ. ಅಷ್ಟು ದಿನ ನಾನು ಹೆದರಿದ್ದ ನಗು ಇಷ್ಟೇ ಆಗಿತ್ತು. ಎರಡು ನಿಮಿಷದಲ್ಲಿ ಮುಗಿಯಿತು.

ಅವ್ವ ಮಾತ್ರ ನಗಲಿಲ್ಲ. "ಹಂಗಾದ್ರೆ ಬ್ಯಾಟರಿ ಸತ್ತಾಗೆಲ್ಲ ದೀಪ ಆರ್ತಿತ್ತೇನೋ? ನಾನು ಕೇಳಿದಾಗ ಉರೀತೈತೆ ಅಂದೆಯಲ್ಲೋ."

ಅವ್ವ ನನ್ನ ಉತ್ತರಕ್ಕೆ ಕಾಯಲಿಲ್ಲ. ಸೆರಗಿನಲ್ಲಿ ಮುಖವಾಡವನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡರು. "ನಡಿಯಪ್ಪ ಸ್ವಾಮಿ, ಮನೇಲಿ ಎಣ್ಣೆ ದೀಪ ಐತೆ, ಅಲ್ಲೇ ಇರು. ಸಾಬು, ಸ್ವಾಮಿ ಎದ್ದು ಬಂದಮ್ಯಾಲೆ ಅದು ನಂದಾದೀಪ ಅಲ್ಲ, ನಿನ್ನ ಬಲ್ಬು. ತೆಗೆದುಕೋ." ಎರಡು ತಿಂಗಳು ನಾನು ಬಿಡಿಸಲಾರದೆ ಹೆಣಗಿದ ಗಂಟನ್ನು ಅಕ್ಷರ ಬಾರದ ಮುದುಕಿ ಅರೆಗಳಿಗೆಯಲ್ಲಿ ಬಿಚ್ಚಿಟ್ಟು ಒಳಗೆ ಹೋದರು.

"ಆ ಕಾಗದ ಹರಿದಾಕು," ಎಂದು ನನಗೆ ಹೇಳಿ ಸಾಹುಕಾರರೂ ಹೋದರು. ಸಾಬರಿಗೆ ತಪ್ಪಾಯಿತು ಎಂದೇನೂ ಅವರು ಹೇಳಲಿಲ್ಲ. ಹೇಳುವ ಪದ್ಧತಿಯೂ ಇರಲಿಲ್ಲ.

ಸಾಬರು ಬಲ್ಬು ಬಿಚ್ಚಿ ಡಬ್ಬಕ್ಕೆ ಹಾಕಿಕೊಂಡರು. ಮೆಟ್ಟಿಲ ಬಳಿ ಹೋಗಿ ಕಂಬಳಿಯೊಳಗೆ ನೋಡಿದರು, ಅಲ್ಲಿನದೂ ಆರಿತ್ತು. ಕತ್ತರಿಸಿ ಬಿದ್ದಿದ್ದ ಹಾರನ್ನಿನ ತಂತಿ ಎತ್ತಿಕೊಂಡು ಅದರ ತುದಿಯನ್ನು ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು. ಆ ದಿನ ಕಂಬಳಿಯೊಳಗೆ ಬಲ್ಬು ಆರಿರಲಿಲ್ಲ ಎಂದು ಅವರಿಗೆ ಆಗ ತಿಳಿಯಿತು. ಸಾಹುಕಾರರು ಇನ್ನೂ ಅಂಗಳದಲ್ಲೇ ಇದ್ದರು, ಒಂದು ಕೂಗು ಹಾಕಿದ್ದರೆ ಸಾಕಿತ್ತು. ಸಾಬರು ತಂತಿಯ ತುದಿ ಹೆರೆದು ಗಂಟು ಹಾಕಿದರು. ಬ್ಯಾಟರಿಯ ದಪ್ಪ ತಂತಿ ಮತ್ತೆ ಸೇರಿಸಿ ಹಾರನ್ನು ಒತ್ತಿ ನೋಡಿದರು. ಚೆನ್ನಾಗಿಯೇ ಕೂಗಿತು.

ಗುರುವಾರ ಕಾರು ಒಂದೇ ಒತ್ತಿಗೆ ಎದ್ದಿತು. ಸಾಹುಕಾರರು, ಅವ್ವ, ಮದುಮಗಳು, ಅವಳ ತಾಯಿ ಹಿಂದೆ. ಸಾಬರ ಪಕ್ಕ ನಾನು. ದಾರಿಯುದ್ದಕ್ಕೂ ಹಿಂದಿನವರು ನನ್ನನ್ನು ಆಡಿಕೊಂಡು ನಕ್ಕರು. ಕೊಂಡ್ಲಹಳ್ಳಿ ದಾಟಿದ ಮೇಲೆ ಸಾಬರೂ ಒಂದೆರಡು ಮಾತು ಆಡಿದರು; ಮಳೆ ಚೆನ್ನಾಗಿ ಆಗಿದೆ, ಶೇಂಗಾ ಚೆನ್ನಾಗಿ ಬಂದಿದೆ ಎಂದು. ನನ್ನ ಎದೆಯ ಭಾರ ಇಳಿದಿತ್ತು. ಎಲ್ಲ ಸುಖವಾಗಿ ಮುಗಿಯಿತು ಅಂದುಕೊಂಡೆ.

ಮೊಳಕಾಲ್ಮೂರಿನಲ್ಲಿ ನೇಕಾರರ ಓಣಿ ಬಹಳ ಇಕ್ಕಟ್ಟು. ಸೀರೆ ಆರಿಸಿ ಮುಗಿದ ಮೇಲೆ ಕಾರು ತಿರುಗಿಸಲು ಜಾಗವಿಲ್ಲದೆ ಹಿಂದಕ್ಕೇ ಬರಬೇಕಾಯಿತು. ನಾನು ಉತ್ಸಾಹದಿಂದ ಇಳಿದು ಕಾರಿನ ಹಿಂದೆ ನಿಂತು ಕೈ ಬೀಸಿದೆ. "ಬರ್ಲಿ ಸಾಬ್ರೇ, ಬರ್ಲಿ, ಜಾಗ ಐತೆ!"

ಕಾರು ಎರಡು ಮಾರು ಬಂದು ನಿಂತಿತು. ಸಾಬರು ಇಳಿದರು. ನನ್ನ ಪಕ್ಕದಲ್ಲೇ ಹಾದು ಹಿಂದಕ್ಕೆ ಬಂದು, ಚಕ್ರ ನೋಡಿ, ಚರಂಡಿ ನೋಡಿ, ಮತ್ತೆ ಹೋಗಿ ಕೂತರು. ಇನ್ನೆರಡು ಮಾರು ಬಂತು. ಮತ್ತೆ ಇಳಿದರು.

ಮಗ್ಗದ ಮನೆಯ ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದ ಹೆಂಗಸು ನಕ್ಕು ತೆಲುಗಿನಲ್ಲಿ ಕೇಳಿದಳು: "ಏಮಯ್ಯಾ, ಆ ಅಬ್ಬಾಯಿ ರಮ್ಮಂಟುನ್ನಾಡು ಕದಾ!" ಆ ಹುಡುಗ ಬಾ ಬಾ ಅನ್ನುತ್ತಿದ್ದಾನಲ್ಲ, ನಿನಗೆ ಕೇಳಿಸುವುದಿಲ್ಲವೇ ಎಂದು.

"ಮನಮೇ ಚೂಸುಕುಂಟೇ ಮಂಚಿದಮ್ಮಾ," ಎಂದರು ಸಾಬರು. ನಾವೇ ನೋಡಿಕೊಂಡರೆ ಒಳ್ಳೆಯದು ತಾಯಿ.

ಒಳಗಿನಿಂದ ಸಾಹುಕಾರರೂ ಕೂಗಿದರು. "ಏನು ಸಾಬು, ಗುಮಾಸ್ತ ಹೇಳ್ತಾ ಇದಾನಲ್ಲ, ನಂಬಿಕೆ ಇಲ್ವಾ?"

ಸಾಬರು ಚಕ್ರ ನೋಡುತ್ತಲೇ, "ಹಂಗೇನಿಲ್ಲ ಸಾವ್ಕಾರ್ರೇ. ಗಾಡಿ ನನ್ನ ಕೈಯಾಗೈತಲ್ಲ, ಅದಕ್ಕೆ," ಎಂದರು.

ಮೂರನೆಯ ಸಲ ಇಳಿದು ಬಂದು ಚಕ್ರದ ಬಳಿ ಬಗ್ಗಿದಾಗ ಕಾರಿನ ಹಿಂದೆ ನಾವಿಬ್ಬರೇ ಇದ್ದೆವು. ಇನ್ನು ತಡೆಯಲಾಗಲಿಲ್ಲ. "ಸಾಬ್ರೇ, ಅವತ್ತು ಕಂಬಳಿ ಒಳಗೆ..." ಎಂದೆ.

"ಗೊತ್ತೈತ್ರೀ," ಎಂದರು ಅವರು, ಬಗ್ಗಿದಲ್ಲಿಂದಲೇ. ಆಮೇಲೆ ಎದ್ದು ನಿಂತು, "ಸ್ವಲ್ಪ ಆ ಕಡೆ ಸರೀರಿ, ಗಾಡಿ ಬರ್ತೈತೆ," ಎಂದರು. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಕಾರು ನನ್ನ ಮುಂದೆ ನಿಧಾನವಾಗಿ ಹಿಂದಕ್ಕೆ ಹೋಯಿತು.

ಆಮೇಲೆ ಹನ್ನೊಂದು ವರ್ಷ ಅವರು ಅದೇ ಮನೆಯಲ್ಲಿದ್ದು ಅದೇ ಕಾರು ಓಡಿಸಿದರು. ನನ್ನ ಮದುವೆಗೆ ಬಂದು ಉಂಡರು, ನನ್ನ ಮಗನನ್ನು ಸ್ಟೇರಿಂಗಿನ ಮುಂದೆ ಕೂರಿಸಿ ಆಡಿಸಿದರು, ಹಬ್ಬಕ್ಕೆ ಪಾಯಸ ಕಳಿಸಿದರು. ಕಂಬಳಿಯ ವಿಷಯ ಯಾರ ಮುಂದೆಯೂ ಎತ್ತಲಿಲ್ಲ. ಆದರೆ ನಾನು ಎಲ್ಲಿ ನಿಂತು ಜಾಗ ಇದೆ ಎಂದರೂ ಅವರು ಇಳಿದು ಬಂದು ತಾವೇ ನೋಡಿಕೊಂಡರು. ಕೊನೆಕೊನೆಗೆ ನಾನು ಹೇಳುವುದನ್ನೇ ಬಿಟ್ಟೆ. ಅರ್ಧಕ್ಕೆ ನಿಂತ ಆ ಮಾತನ್ನು ಪೂರ್ತಿ ಮಾಡಲು ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನಗೆ ಬಾಯಿ ಬರಲಿಲ್ಲ.